ತಾನೇ ಸ್ವಚ್ಛವಾಗುವ ಲಿಟರ್ ಬಾಕ್ಸ್ (ಬೆಕ್ಕಿನ ಕಕ್ಕ-ಉಚ್ಚೆಗೆ ಇಡುವ ಮರಳಿನ ಟ್ರೇ) ತಗೊಂಡರೆ ದಿನಾ ಮರಳು ಬಾಚುವ ಕೆಲಸ ತಪ್ಪುತ್ತಾ?

ಬಾಚುವ ಕೆಲಸ ತಪ್ಪುತ್ತದೆ, ನೋಡುವ ಕೆಲಸ ತಪ್ಪುವುದಿಲ್ಲ. ಎರಡು ದೊಡ್ಡ ಬೆಕ್ಕು, ಒಂದು ಪುಟ್ಟ ಮರಿ ಇದೆ ಎಂದು ಬರೆದಿದ್ದೀರಿ. ದೊಡ್ಡವಕ್ಕೆ ಧಾರಾಳವಾಗಿ ತಗೊಳ್ಳಿ, ಮರಿಗೆ ಸದ್ಯಕ್ಕೆ ಬೇಡ ಅಂತ ನಾನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಎರಡು ಥರದ್ದೂ ಬಳಸಿದ್ದೇವೆ. ಮೊದಲನೆಯದು ಬಾಚಣಿಗೆ ಇರುವಂಥದ್ದು. ಬೆಕ್ಕು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಹಲ್ಲುಗಳಿರುವ ಪಟ್ಟಿಯೊಂದು ಟ್ರೇ ಉದ್ದಕ್ಕೂ ಸಾಗಿ, ಮರಳಿನಲ್ಲಿ ಗಟ್ಟಿಯಾದ ಕಕ್ಕ-ಉಚ್ಚೆಯ ಉಂಡೆಗಳನ್ನೆಲ್ಲ ಡಬ್ಬಕ್ಕೆ ತಳ್ಳುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ನಮ್ಮ ಬೆಕ್ಕು ಗುಂಡನಿಗೆ ಮೂಲೆಯೇ ಆಗಬೇಕು. ತಳ ಕಾಣುವವರೆಗೂ ಕೆರೆದು ಅಲ್ಲೇ ಉಚ್ಚೆ ಹೊಯ್ಯುತ್ತಾನೆ. ಆ ಉಂಡೆ ಪ್ಲಾಸ್ಟಿಕ್‌ಗೆ ಅಂಟಿ ಕೂರುತ್ತದೆ. ಬಾಚಣಿಗೆ ಅಲ್ಲಿಗೆ ಬಂದು ಗರ್ ಅನ್ನುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಉಂಡೆ ಒಡೆದು ಹಲ್ಲುಗಳ ಸಂದಿಗೆಲ್ಲ ಮೆತ್ತಿಕೊಳ್ಳುತ್ತದೆ. ಬೆಕ್ಕಿಗೆ ಹೊಟ್ಟೆ ಕೆಟ್ಟ ದಿನದ ಕಥೆ ಕೇಳಲೇ ಬೇಡಿ. ಹಳೇ ಟೂತ್‌ಬ್ರಷ್ ಹಿಡಿದು ಒಂದೊಂದೇ ಹಲ್ಲು ಉಜ್ಜುತ್ತಾ ಕೂತರೆ, ಕೈಯಲ್ಲಿ ಬಾಚುವ ಸ್ಕೂಪೇ ಎಷ್ಟೋ ವಾಸಿ ಅನಿಸುತ್ತದೆ.

ಈಗ ಇರುವುದು ತಿರುಗುವ ಡ್ರಮ್‌ನದ್ದು. ಡ್ರಮ್ ನಿಧಾನಕ್ಕೆ ಉರುಳುವಾಗ ಒಳಗಿನ ಜರಡಿಯಿಂದ ಮರಳು ಸೋಸಿ ಹೋಗುತ್ತದೆ, ಉಂಡೆಗಳು ಮಾತ್ರ ಕೆಳಗಿನ ಡ್ರಾಯರ್‌ಗೆ ಬೀಳುತ್ತವೆ. ಅಂಟುವ ಕಾಟ ಇದರಲ್ಲಿ ಕಡಿಮೆ. ನನ್ನನ್ನು ಕೇಳಿದರೆ ಇದೇ ಮೇಲು. ಆದರೆ ಜಾಗ ಜಾಸ್ತಿ ಬೇಕು, ಪೂರ್ತಿ ಬಿಚ್ಚಿ ತೊಳೆಯುವ ದಿನ ಬೆವರಿಳಿಯುತ್ತದೆ.

ಯಾವುದೇ ಥರದ್ದಾದರೂ ಸಾಮಾನ್ಯವಾಗಿ ಉಂಡೆ ಕಟ್ಟುವ ಮರಳನ್ನೇ ಹಾಕಬೇಕಾಗುತ್ತದೆ, ಅಂದರೆ ಹೆಚ್ಚಾಗಿ ಬೆಂಟೋನೈಟ್ ಜೇಡಿಮಣ್ಣು. ಅದು ನೀರು ಹೀರಿ ಉಬ್ಬಿ ಗಟ್ಟಿಯಾಗಲು ಕೆಲವು ನಿಮಿಷ ಬೇಕು. ಬೆಕ್ಕು ಹೋದ ತಕ್ಷಣ ಯಂತ್ರ ಶುರುವಾಗದೆ ಕಾಯುವುದು ಅದಕ್ಕೇ. ಕಾಯುವ ಸಮಯವನ್ನು ತೀರಾ ಕಡಿಮೆ ಇಟ್ಟರೆ ಹಸಿ ಉಂಡೆ ಒಡೆದು ಎಲ್ಲ ಕಡೆ ಬಳಿದುಕೊಳ್ಳುತ್ತದೆ. ಕಾಗದದ್ದು, ಮರದ ಪೆಲೆಟ್‌ಗಳು ಇದಕ್ಕೆ ಆಗಿಬರುವುದಿಲ್ಲ. ನೀಲಿ ಹರಳುಗಳಂಥ ಸಿಲಿಕಾ ಲಿಟರ್ ಅದಕ್ಕೆಂದೇ ಮಾಡಿದ ಯಂತ್ರಗಳಿಗೆ ಮಾತ್ರ.

ಇನ್ನು ಮರಿಯ ವಿಷಯ. ಒಳಗೆ ಬೆಕ್ಕು ಇದೆಯೋ ಇಲ್ಲವೋ ಎಂದು ಹೆಚ್ಚಿನ ಯಂತ್ರಗಳು ತೂಕದಿಂದ ತಿಳಿದುಕೊಳ್ಳುತ್ತವೆ. ಒಂದೂವರೆ ಕಿಲೋಗಿಂತ ಕಡಿಮೆ ಇರುವ ಮರಿ ಎಷ್ಟೋ ಯಂತ್ರಗಳ ಲೆಕ್ಕಕ್ಕೇ ಬರುವುದಿಲ್ಲ. ಒಳಗೆ ಮರಿ ಕೂತಿರುವಾಗಲೇ ಡ್ರಮ್ ತಿರುಗಬಹುದು. ಬೆಕ್ಕುಗಳು ಸಿಕ್ಕಿಹಾಕಿಕೊಂಡು ಸತ್ತದ್ದೂ ಇದೆ, ಇದು ಸುಮ್ನೆ ಹೆದರಿಸುವ ಮಾತಲ್ಲ. ಹಾಗಾಗಿ ಮರಿ ದೊಡ್ಡದಾಗುವ ತನಕ ಆಟೋಮ್ಯಾಟಿಕ್ ಆಫ್ ಮಾಡಿ, ನೀವೇ ಎದುರು ನಿಂತು ಬಟನ್ ಒತ್ತಿ. ದೊಡ್ಡ ಬೆಕ್ಕಿಗಾದರೂ ಅಷ್ಟೇ, ತೂಕದ ಸೆನ್ಸರ್ ಜೊತೆಗೆ ಯಂತ್ರದ ಬಾಯಿಯ ಹತ್ತಿರ ಇನ್ನೊಂದು ಸೆನ್ಸರ್ ಇರುವುದನ್ನೇ ನೋಡಿ ತಗೊಳ್ಳಿ. ತಂದ ದಿನವೇ ಡ್ರಮ್ ತಿರುಗುವಾಗ ಸುತ್ತಿದ ಟವೆಲ್ಲೊಂದನ್ನು ಬಾಯಿಯೊಳಗೆ ಚಾಚಿ ನೋಡಿ. ತಕ್ಷಣ ನಿಲ್ಲಬೇಕು. ನಿಲ್ಲಲಿಲ್ಲವೋ, ವಾಪಸ್ ಕಳಿಸಿ.

ಅಭ್ಯಾಸ ಮಾಡಿಸುವುದಕ್ಕೆ ಆತುರ ಬೇಡ. ಹಳೇ ಟ್ರೇ ಪಕ್ಕದಲ್ಲೇ ಯಂತ್ರ ಇಡಿ, ಸ್ವಿಚ್ ಹಾಕಬೇಡಿ. ಹಳೇ ಟ್ರೇಯಿಂದ ಒಂದೆರಡು ಹಿಡಿ ಬಳಸಿದ ಮರಳು ತೆಗೆದು ಅದಕ್ಕೆ ಹಾಕಿ, ವಾಸನೆ ಹಿಡಿದು ಬರುತ್ತವೆ. ನಾಲ್ಕೈದು ಸಲ ತಾವಾಗಿಯೇ ಹೋಗಿ ಬಂದ ಮೇಲೆ ಆನ್ ಮಾಡಿ. ಗುಂಡ ಈಗಲೂ ಡ್ರಮ್ ತಿರುಗುವುದನ್ನು ಮುಂದೆ ಕೂತು ಕಣ್ಣರಳಿಸಿ ನೋಡುತ್ತಾನೆ. ನಮ್ಮ ಇನ್ನೊಂದು ಬೆಕ್ಕು ಚುಕ್ಕಿ ಮಾತ್ರ ಸದ್ದು ಕೇಳಿದರೆ ಮಂಚದ ಕೆಳಗೆ. ಅವಳಿಗೆ ಮಾಮೂಲಿ ಟ್ರೇ ಇಟ್ಟಿದ್ದೇವೆ, ಒತ್ತಾಯ ಮಾಡಿಲ್ಲ. ಹೆದರಿದ ಬೆಕ್ಕು ಸೋಫಾ ಹಿಂದೆ ಜಾಗ ಹುಡುಕಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ.

ಈಗ ನೋಡುವ ಕೆಲಸದ ಬಗ್ಗೆ. ಕೈಯಲ್ಲಿ ಬಾಚುವಾಗ ಇವತ್ತು ಎಷ್ಟು ಉಂಡೆ, ಎಷ್ಟು ದೊಡ್ಡದು, ಕಕ್ಕ ಗಟ್ಟಿ ಇದೆಯಾ, ರಕ್ತ ಇದೆಯಾ ಎಂದು ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಯಂತ್ರ ಬಂದ ಮೇಲೆ ಅದೆಲ್ಲ ಡ್ರಾಯರ್ ಒಳಗೆ ಮುಚ್ಚಿಹೋಗುತ್ತದೆ. ಉಚ್ಚೆಯ ಉಂಡೆ ದೊಡ್ಡದಾಗುತ್ತಾ ಹೋದರೆ ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಹೋಗಿ ಕೂತು, ತಿಣುಕಿ, ಉಚ್ಚೆ ಬಾರದೆ ಎದ್ದು ಬಂದರೆ ಮೂತ್ರನಾಳ ಕಟ್ಟಿರಬಹುದು. ಅದಕ್ಕೆ ನಾಳೆ ನೋಡೋಣ ಅನ್ನುವಂತಿಲ್ಲ, ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಕೆಲವು ಯಂತ್ರಗಳ ಆ್ಯಪ್‌ನಲ್ಲಿ ಯಾವ ಬೆಕ್ಕು ಎಷ್ಟು ಸಲ ಹೋಯಿತು, ತೂಕ ಎಷ್ಟು ಎಂದು ಬರುತ್ತದೆ. ಒಳ್ಳೆಯದೇ. ಆದರೂ ದಿನಕ್ಕೊಮ್ಮೆ ಡ್ರಾಯರ್ ಎಳೆದು ಒಂದು ನೋಟ ಹಾಕಿ, ಅರ್ಧ ನಿಮಿಷದ ಕೆಲಸ.

ಮನೆಯಲ್ಲಿ ಬಸುರಿ ಇದ್ದರೆ ಡ್ರಾಯರ್ ಖಾಲಿ ಮಾಡುವ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಕಕ್ಕದಲ್ಲಿ ಟಾಕ್ಸೋಪ್ಲಾಸ್ಮಾ (ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡಬಲ್ಲ ಪರಜೀವಿ) ಇದ್ದರೆ ಅದು ಹೊರಗೆ ಬಿದ್ದ 1ರಿಂದ 5 ದಿನದಲ್ಲಿ ಸೋಂಕು ಹರಡುವ ಹಂತಕ್ಕೆ ಬರುತ್ತದೆ. ಡ್ರಾಯರ್‌ನಲ್ಲಿ ಅದು ಅಷ್ಟು ದಿನ ಕೂತಿರುತ್ತದಲ್ಲ! ಉಂಡೆಗಳನ್ನು ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡುವ ಯೋಚನೆಯೂ ಬೇಡ, ಆ ಮಣ್ಣು ಪೈಪಿನೊಳಗೂ ಉಬ್ಬುತ್ತದೆ.

ಕರೆಂಟ್ ಹೋದರೆ ಏನು ಗತಿ ಅಂತಲೂ ಕೇಳಿದ್ದೀರಿ. ನಿಂತಿರುವ ಯಂತ್ರ ಮಾಮೂಲಿ ಟ್ರೇ ಥರ ಬಳಕೆಯಾಗುತ್ತದೆ, ಆದರೆ ಅರ್ಧ ತಿರುಗಿ ನಿಂತರೆ ಬಾಯಿ ಮುಚ್ಚಿಹೋಗಿ ಬೆಕ್ಕಿಗೆ ಒಳಗೆ ಹೋಗಲು ದಾರಿ ಇರುವುದಿಲ್ಲ. ಹೇಗೂ ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಲಿ ಎಂದು ವೈದ್ಯರು ಹೇಳುತ್ತಾರೆ. ಹಳೇ ಟ್ರೇಗಳನ್ನು ಬಿಸಾಡಬೇಡಿ.