ಕಣ್ಣು ಇರುವಾಗಲೇ ಕಿವಿಗೆ ಕೆಲಸ ಕೊಡಿ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು:

"ನನ್ನ ತಮ್ಮನಿಗೆ 26 ವರ್ಷ. ಹೈಸ್ಕೂಲಿನಲ್ಲಿದ್ದಾಗ ಇರುಳುಗಣ್ಣು ಶುರುವಾಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ, ಇದಕ್ಕೆ ಔಷಧಿ ಇಲ್ಲ ಅಂದರು ಡಾಕ್ಟರು. ಬಿ.ಎ. ಮುಗಿಸಿ ಮನೆಯಲ್ಲೇ ಕೂತಿದ್ದಾನೆ. ಹಗಲು ಪೇಪರ್ ಓದುತ್ತಾನೆ, ಆದರೆ ಅಂಗಳದಲ್ಲಿಟ್ಟ ಬಕೆಟ್ ಎಡವುತ್ತಾನೆ. ಊರವರು ನಾಟಕ ಅಂತಾರೆ. ಕಾಲೇಜು ಸೇರುವಾಗ ಮಾಡಿಸಿದ ಸರ್ಟಿಫಿಕೇಟಿನಲ್ಲಿ ಅಂಗವಿಕಲತೆ ಶೇ. 30 ಅಂತಿದೆ, ಅದರಿಂದ ಏನೂ ಸಿಗಲ್ಲವಂತೆ. ಸರ್ಕಾರಿ ನೌಕರಿ ಆಗೋತನಕ ಕಾಯೋಣ ಅಂತಾರೆ ಅಪ್ಪ. ಬೆಂಗಳೂರಿಗೆ ಕಳಿಸೋದಿಲ್ಲ ಅಂತಾಳೆ ಅವ್ವ. ಪರಿಚಯದವರೊಬ್ಬರು ಎರಡು ಲಕ್ಷ ಕೊಟ್ಟರೆ ಅಂಗವಿಕಲರ ಕೋಟಾದಲ್ಲಿ ನೌಕರಿ ಮಾಡಿಸ್ತೀನಿ ಅಂದಿದ್ದಾರೆ. ನಮ್ಮದೇ ಕಿರಾಣಿ ಅಂಗಡಿ ಇದೆ, ಅಲ್ಲೇ ಕೂರಿಸೋದಾ? ದಾರಿ ತೋರಿಸಿ."

ನಮಸ್ಕಾರ ತಾಯಿ,

ಮೊದಲು ಆ ಎರಡು ಲಕ್ಷದ ಮಾತು. ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಗವಿಕಲರ ಮೀಸಲಾತಿ ಯಾರೋ ಒಬ್ಬರು "ಮಾಡಿಸಿ" ಕೊಡುವಂಥದ್ದಲ್ಲ. ಅಧಿಸೂಚನೆ ಬರುತ್ತದೆ, ಅರ್ಜಿ ಹಾಕಬೇಕು, ಪರೀಕ್ಷೆ ಬರೆಯಬೇಕು, ಆಯ್ಕೆ ಪಟ್ಟಿಯಲ್ಲಿ ಹೆಸರು ಬರಬೇಕು. ಈ ದಾರಿಯಲ್ಲಿ ಪರಿಚಯದವರಿಗೆ ಕೆಲಸವೇ ಇಲ್ಲ. ಅಂಗವಿಕಲರಿರುವ ಮನೆಗಳನ್ನೇ ಹುಡುಕಿಕೊಂಡು ಹೋಗುವ ಇಂಥವರು ಎಲ್ಲ ಜಿಲ್ಲೆಯಲ್ಲೂ ಇದ್ದಾರೆ. ಮುಂಗಡ ಅಂತ ಈಗಾಗಲೇ ಏನಾದರೂ ಕೊಟ್ಟಿದ್ದರೆ ಸುಮ್ನೆ ಕೂರಬೇಡಿ, ಪೊಲೀಸರಿಗೆ ದೂರು ಕೊಡಿ.

ಇನ್ನು ಬಕೆಟ್ ಎಡವುವ ವಿಷಯ. ನಿಮ್ಮ ತಮ್ಮ ನಾಟಕ ಮಾಡುತ್ತಿಲ್ಲ. ಈ ಕಾಯಿಲೆ ಹಾಗೆಯೇ. ಮೊದಲು ಕತ್ತಲಲ್ಲಿ ಕಾಣದು. ಆಮೇಲೆ ನೋಟದ ಅಂಚು ಸವೆಯುತ್ತಾ ಬರುತ್ತದೆ, ನಡುವಿನ ನೋಟ ಮಾತ್ರ ಬಹಳ ಕಾಲ ಉಳಿಯುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಅದಕ್ಕೇ ಮುಂದೆ ಹಿಡಿದ ಪೇಪರಿನ ಸಣ್ಣ ಅಕ್ಷರ ಓದಲು ಬರುತ್ತದೆ, ಕಾಲ ಬಳಿಯ ಬಕೆಟ್ ಕಾಣುವುದಿಲ್ಲ. ಇದನ್ನು ಊರಿಗೆಲ್ಲ ವಿವರಿಸುತ್ತಾ ಕೂರಬೇಕಿಲ್ಲ. ಆದರೆ ಮನೆಯವರಿಗೆ ಗೊತ್ತಿರಲೇಬೇಕು.

ಸರ್ಟಿಫಿಕೇಟ್ ಕೊಡುವ ಮೆಡಿಕಲ್ ಬೋರ್ಡಿಗೂ ಗೊತ್ತಾಗಬೇಕು. ಆ ಶೇ. 30 ಹೇಗೆ ಬಂತೆಂದು ನನ್ನ ಊಹೆ ಹೇಳುತ್ತೇನೆ. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ಓದಿಸಿದ್ದಾರೆ, ನಿಮ್ಮ ತಮ್ಮ ಚೆನ್ನಾಗಿಯೇ ಓದಿದ್ದಾರೆ. ನೋಟದ ಅಗಲ ಎಷ್ಟಿದೆ ಎಂದು ಅಳೆದಿರಲಿಕ್ಕಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ, ಪೆರಿಮೆಟ್ರಿ ಅಥವಾ ಫೀಲ್ಡ್ ಟೆಸ್ಟ್ ಅನ್ನುತ್ತಾರೆ. ನೋಟದ ಅಗಲ ಕುಗ್ಗಿದ್ದನ್ನೂ ಅಂಗವಿಕಲತೆಯ ಪ್ರಮಾಣಕ್ಕೆ ಲೆಕ್ಕ ಹಿಡಿಯಬೇಕು ಅಂತ ನಿಯಮವೇ ಇದೆ. ಅದೂ ಅಲ್ಲದೆ ಇದು ವರ್ಷದಿಂದ ವರ್ಷಕ್ಕೆ ಹೆಚ್ಚುವ ಕಾಯಿಲೆ. ಕಾಲೇಜು ಸೇರುವಾಗಿನ ಅಂಕಿ ಇವತ್ತಿನದಲ್ಲ. ಹೊಸದಾಗಿ ಮಾಡಿಸಿ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಆಗುತ್ತದೆ. ಅಲ್ಲಿ ಫೀಲ್ಡ್ ಟೆಸ್ಟ್ ಯಂತ್ರ ಇಲ್ಲದಿದ್ದರೆ ಹುಬ್ಬಳ್ಳಿಯ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿದ ರಿಪೋರ್ಟನ್ನು ಜೊತೆಗೆ ಒಯ್ಯಿರಿ. ಬೋರ್ಡ್ ಕೊಟ್ಟ ಅಂಕಿ ಸರಿಯಿಲ್ಲ ಅನಿಸಿದರೆ ಮೇಲ್ಮನವಿಗೆ ಅವಕಾಶ ಇದೆ. ಈ ಓಡಾಟ ಯಾಕೆ ಅಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಉದ್ಯೋಗ ಮೀಸಲಾತಿಗೆ ಕನಿಷ್ಠ ಶೇ. 40 ಬೇಕು. 39 ಇದ್ದರೂ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ಅಪ್ಪ ಹೇಳುವ ಸರ್ಕಾರಿ ನೌಕರಿ? ಅರ್ಜಿ ಹಾಕಲಿ, ಖಂಡಿತ ಹಾಕಲಿ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಅಂಗವಿಕಲರಿಗೆ ಮೀಸಲು. ಅದರಲ್ಲಿ ಶೇ. 1 ಅಂಧರು ಮತ್ತು ಮಂದದೃಷ್ಟಿಯವರಿಗೇ ಇದೆ. ವಯೋಮಿತಿಯಲ್ಲಿ ಸಡಿಲಿಕೆ ಇದೆ. ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ಕೇಳಬಹುದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿದೆ. ಅಂಧರಿಗೆ ಆಗದ ಕೆಲಸ ಎಂದು ಸಾರಾಸಗಟಾಗಿ ಬಾಗಿಲು ಮುಚ್ಚುವ ಕಾಲವೂ ಹೋಗುತ್ತಿದೆ. ದೃಷ್ಟಿದೋಷ ಇದೆ ಅನ್ನುವ ಒಂದೇ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯಿಂದಲೂ ಯಾರನ್ನೂ ದೂರ ಇಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ.

ನನ್ನ ತಕರಾರು ಇರುವುದು "ಕಾಯೋಣ" ಅನ್ನುವ ಮಾತಿನ ಬಗ್ಗೆ. ಅಧಿಸೂಚನೆ ಯಾವಾಗ ಬರುತ್ತದೋ, ಪರೀಕ್ಷೆ ಯಾವಾಗ ನಡೆಯುತ್ತದೋ, ಪಟ್ಟಿ ಕೋರ್ಟಿಗೆ ಹೋಗಿ ಎಷ್ಟು ದಿನ ಕೂರುತ್ತದೋ ಯಾರಿಗೂ ಗೊತ್ತಿಲ್ಲ. ಬೇರೆ ಹುಡುಗರಿಗೆ ಆ ವರ್ಷಗಳು ಬರೀ ವರ್ಷಗಳು. ನಿಮ್ಮ ತಮ್ಮನಿಗೆ ಹಾಗಲ್ಲ, ಕಾಯುತ್ತಾ ಕೂತ ಪ್ರತಿ ವರ್ಷವೂ ನೋಟ ಒಂದಿಷ್ಟು ಸವೆಯುತ್ತದೆ. ಈಗ ಕಣ್ಣಿನ ಸಹಾಯದಿಂದ ಸಲೀಸಾಗಿ ಕಲಿಯಬಹುದಾದ ಕೆಲಸವನ್ನು ಆಮೇಲೆ ಕಷ್ಟಪಟ್ಟು ಕಲಿಯಬೇಕಾಗುತ್ತದೆ.

ಆ ಕೆಲಸ ಯಾವುದು ಅಂದರೆ, ಕಿವಿಯಿಂದ ಫೋನು, ಕಂಪ್ಯೂಟರ್ ನಡೆಸುವುದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಒಂದು ಎಚ್ಚರಿಕೆ: ಅದನ್ನು ಆನ್ ಮಾಡಿದ ಕೂಡಲೇ ಫೋನು ಮಾತು ಕೇಳದ ಹಾಗೆ ಆಗುತ್ತದೆ. ಒಮ್ಮೆ ಮುಟ್ಟಿದರೆ ಬರೀ ಹೆಸರು ಹೇಳುತ್ತದೆ, ತೆರೆಯಬೇಕಾದರೆ ಎರಡು ಸಲ ಬೇಗ ಬೇಗ ಮುಟ್ಟಬೇಕು. ಇಲ್ಲೇ ಹೆದರಿ ಬಿಟ್ಟುಬಿಡುವವರು ಜಾಸ್ತಿ. ದಿನಕ್ಕೆ ಒಂದು ಗಂಟೆ ಮಾತ್ರ ಆನ್ ಮಾಡಿಕೊಂಡು, ಪರದೆ ನೋಡದೆ ವಾಟ್ಸ್ಆ್ಯಪ್ ಮೆಸೇಜು ಕಳಿಸುವುದನ್ನು ರೂಢಿ ಮಾಡಿಕೊಳ್ಳಲಿ.

ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. ಪೂರಾ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಶುರುಮಾಡಿದ್ದು, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ್ದೇ, ಮೊದಲ ವಾರ ಕಿರಿಕಿರಿ ಆಗುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಪಳಗಿದವರು ಅದನ್ನು ಎಷ್ಟು ವೇಗದಲ್ಲಿ ಕೇಳುತ್ತಾರೆಂದರೆ ಪಕ್ಕದಲ್ಲಿ ಕೂತ ನಮಗೆ ಒಂದು ಅಕ್ಷರವೂ ಅರ್ಥವಾಗದು. ಹಳೆಯ ಲ್ಯಾಪ್‌ಟಾಪ್ ಒಂದು ಸಾಕು, ಮೌಸ್ ತೆಗೆದಿಡಿ. ಕೀಲಿಗಳಿಂದಲೇ ವರ್ಡ್, ಎಕ್ಸೆಲ್, ಇಮೇಲ್ ಕಲಿಯಬೇಕು.

ಕನ್ನಡದಲ್ಲಿ ಒಂದು ತೊಡಕಿದೆ, ಮುಂಚೆಯೇ ಹೇಳಿಬಿಡುತ್ತೇನೆ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಸ್ಕ್ರೀನ್ ರೀಡರ್ ಓದುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿರುವ ಕಡತ ಅದಕ್ಕೆ ಬರೀ ಗೊಂದಲದ ಇಂಗ್ಲಿಷ್ ಚಿಹ್ನೆಗಳು. ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಅಂತೂ ಬರೀ ಚಿತ್ರ. ಎಷ್ಟೋ ಅಧಿಸೂಚನೆಗಳು, ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ಗಳು ಇವೆರಡರಲ್ಲೇ ಇರುತ್ತವೆ. ಅಂಥವು ಬಂದಾಗ ನಿಮ್ಮ ತಮ್ಮ ತನ್ನ ದಡ್ಡತನ ಅಂದುಕೊಳ್ಳಬಾರದು, ತಪ್ಪು ಆ ಕಡತದ್ದು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಇದನ್ನು ನೀವು ಕಲಿತುಕೊಂಡರೆ ತಮ್ಮನಿಗೆ ದೊಡ್ಡ ಉಪಕಾರ.

ಮನೆಯಲ್ಲಿ ಒಂದಿಷ್ಟು ಕೈ ಕುದುರಿದ ಮೇಲೆ ತರಬೇತಿ. ಇಲ್ಲಿ ಬೆಂಗಳೂರಿನ ಪ್ರಶ್ನೆ ಬರುತ್ತದೆ. ಅವ್ವನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಕಳಿಸಿ ಅಂತಲೇ ಹೇಳುತ್ತೇನೆ. ಅಲ್ಲಿರುವ ಎನೇಬಲ್ ಇಂಡಿಯಾ ಸಂಸ್ಥೆಯ ಕಥೆ ಅವ್ವನಿಗೆ ಹೇಳಿ. ಶಾಂತಿ ರಾಘವನ್ ಎಂಬುವರ ತಮ್ಮನಿಗೂ ಇದೇ ಕಾಯಿಲೆಯಿಂದ ಓದುವ ವಯಸ್ಸಿನಲ್ಲೇ ನೋಟ ಕುಗ್ಗತೊಡಗಿತು. ಆ ಅಕ್ಕ ತಮ್ಮನಿಗೆ ದಾರಿ ಹುಡುಕುತ್ತಾ ಹುಡುಕುತ್ತಾ ಗಂಡ ದೀಪೇಶ್ ಸುತಾರಿಯಾ ಜೊತೆ 1999ರಲ್ಲಿ ಕಟ್ಟಿದ ಸಂಸ್ಥೆ ಅದು. ಅಂಗವಿಕಲರಿಗೆ ಕಂಪ್ಯೂಟರ್, ಇಂಗ್ಲಿಷ್ ಮಾತು, ಕೆಲಸದ ತಯಾರಿ ಕಲಿಸಿ ಕಂಪನಿಗಳಿಗೆ ಜೋಡಿಸುತ್ತಾರೆ. ಸಮರ್ಥನಂ ಟ್ರಸ್ಟ್ ಇನ್ನೊಂದು. ಬೆಳಗಾವಿ ಕಡೆಯವರಾದ, ಸ್ವತಃ ಅಂಧರಾದ ಮಹಾಂತೇಶ್ 1997ರಲ್ಲಿ ಶುರುಮಾಡಿದ್ದು. ಕೇಂದ್ರ ಕಾರ್ಮಿಕ ಇಲಾಖೆಯದೇ ಒಂದು ಕೇಂದ್ರವೂ ಬೆಂಗಳೂರಿನಲ್ಲಿದೆ, ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರ ಅಂತ. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ಅಲ್ಲಿ ಪರೀಕ್ಷಿಸಿ ನೋಡುತ್ತಾರೆ, ತರಬೇತಿಯನ್ನೂ ಕೊಡುತ್ತಾರೆ.

ಹೋಗುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ: ಮಂದದೃಷ್ಟಿಯವರ ಬ್ಯಾಚು ಯಾವಾಗ ಶುರು, ಊಟ-ವಸತಿ ಇದೆಯಾ, ಹಿಂದಿನ ಬ್ಯಾಚಿನವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ. ಕೊನೆಯ ಪ್ರಶ್ನೆಗೆ ತಡವರಿಸುವ ತರಬೇತಿ ಕೇಂದ್ರ ಯಾವುದೇ ಇರಲಿ, ನಂಬಬೇಡಿ. ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದು ಮನೆಗೆ ಕಳಿಸುವ ಕೇಂದ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಅಂಗವಿಕಲ ಅಂದ ಕೂಡಲೇ ಮೇಣದಬತ್ತಿ, ಊದಿನಕಡ್ಡಿ ಅಂತ ಹಿಡಿಸುವವರಿಂದಲೂ ದೂರ ಇರಿ. ಬಿ.ಎ. ಓದಿದ ಹುಡುಗ ಬ್ಯಾಂಕಿನಲ್ಲಿ, ಕಾಲ್ ಸೆಂಟರಿನಲ್ಲಿ, ಕಚೇರಿಯಲ್ಲಿ ಕೂರಬಲ್ಲ. ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾ ಎಂಬ ಬಿಪಿಒ ಕಂಪನಿಯಲ್ಲಿ ನೌಕರರ ದೊಡ್ಡ ಪಾಲು ಅಂಗವಿಕಲರದೇ.

ಊರಿನ ಹತ್ತಿರದ ಸಹಾಯವನ್ನೂ ಬಿಡಬೇಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ಜನ ವಿಆರ್‌ಡಬ್ಲ್ಯೂ ಅನ್ನುವುದೇ ರೂಢಿ. ಅವರೂ ಅಂಗವಿಕಲರೇ, ಕಚೇರಿ ಅಲೆದು ಅನುಭವ ಇರುವವರು. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ), ಜಿಲ್ಲೆಗೆ ವಿಕಲಚೇತನರ ಕಲ್ಯಾಣಾಧಿಕಾರಿ. ಬಸ್ ಪಾಸು, ಮಾಸಾಶನ, ಸಾಲ ಎಲ್ಲದರ ಅರ್ಜಿಗೂ ಇವರನ್ನು ವಿಚಾರಿಸಿ.

ಸಂದರ್ಶನದಲ್ಲಿ ಕಣ್ಣಿನ ವಿಷಯ ಮುಚ್ಚಿಡುವುದು ಬೇಡ. ಏನು ಬರುತ್ತದೆ ಅಂತ ಮೊದಲು ಹೇಳಲಿ, ಏನು ಬೇಕು ಅಂತ ಆಮೇಲೆ. ಬೇಕಾದ್ದು ಬಹಳ ಏನೂ ಇಲ್ಲ. ಬೆಳಕಿರುವ ಕಡೆ ಮೇಜು, ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ, ರಾತ್ರಿ ಪಾಳಿ ಬೇಡ. ಕಾನೂನಿನಲ್ಲಿ ಇದಕ್ಕೆ ಸೂಕ್ತ ಹೊಂದಾಣಿಕೆ ಅನ್ನುತ್ತಾರೆ. ಇದು ಯಜಮಾನರ ಕರುಣೆಗೆ ಬಿಟ್ಟ ವಿಷಯವಲ್ಲ, ನಿಮ್ಮ ತಮ್ಮನ ಹಕ್ಕು. ಅಂಗವಿಕಲರಿಗೆ ಸಮಾನ ಅವಕಾಶ ಕೊಡುವ ನೀತಿಯನ್ನು ಖಾಸಗಿ ಸಂಸ್ಥೆಗಳೂ ಪ್ರಕಟಿಸಬೇಕು ಅಂತ ಅದೇ 2016ರ ಕಾಯ್ದೆ ಹೇಳುತ್ತದೆ. ಅನ್ಯಾಯ ಆದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕಳಿಸಬಹುದು.

ಇಷ್ಟೆಲ್ಲ ಬರೆದೆ. ಆದರೆ ನಿಮ್ಮ ಪತ್ರ ಮತ್ತೆ ಓದಿದಾಗ ಒಂದು ಕೊರತೆ ಕಂಡಿತು. ಅಪ್ಪ ಏನಂತಾರೆ, ಅವ್ವ ಏನಂತಾರೆ, ಊರವರು ಏನಂತಾರೆ ಎಲ್ಲ ಇದೆ. ತಮ್ಮ ಏನಂತಾರೆ ಅನ್ನುವ ಒಂದು ಸಾಲೂ ಇಲ್ಲ. ಅವರಿಗೆ ಪಾಠ ಹೇಳುವ ಆಸೆ ಇರಬಹುದು, ಲೆಕ್ಕ ಇಷ್ಟ ಇರಬಹುದು, ಊರು ಬಿಟ್ಟು ಹೋದರೆ ಸಾಕು ಅಂತಲೂ ಇರಬಹುದು. ಅದನ್ನು ಕೇಳದೆ ಮನೆಯವರೇ ಸೇರಿ ಭವಿಷ್ಯ ತೀರ್ಮಾನ ಮಾಡಿದರೆ ಎಂಥಾ ತರಬೇತಿಯೂ ಅರ್ಧಕ್ಕೆ ನಿಲ್ಲುತ್ತದೆ. ಮಡಚುವ ಬಿಳಿ ಕೋಲಿನ ಮಾತನ್ನೂ ಅವರ ಹತ್ತಿರವೇ ಆಡಿ, ಒತ್ತಾಯ ಬೇಡ. ಈ ಕಾಯಿಲೆಯ ಹುಡುಗರು ಕೋಲು ಹಿಡಿಯಲು ನಾಚುತ್ತಾರೆ, ಅರ್ಧಂಬರ್ಧ ಕಾಣುತ್ತದಲ್ಲ ಅಂತ. ಕತ್ತಲಾದ ಮೇಲಷ್ಟೇ ಹಿಡಿದರೂ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಜನ ತಾವಾಗಿ ದಾರಿ ಬಿಡುತ್ತಾರೆ, ಕುಡಿದಿದ್ದಾನೆ ಅನ್ನುವುದೂ ತಪ್ಪುತ್ತದೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಅಂಗಡಿ ಕೆಟ್ಟ ಆಯ್ಕೆಯಲ್ಲ. "ಕೂರಿಸೋದು" ಅನ್ನುವುದು ಬೇಡ, ಅಷ್ಟೇ. ಕೂರಿಸಿದರೆ ಗಲ್ಲಾಪೆಟ್ಟಿಗೆ ಪಕ್ಕದ ಕಾವಲುಗಾರ ಆಗುತ್ತಾರೆ. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಉದ್ರಿ ಲೆಕ್ಕ, ಹೋಲ್‌ಸೇಲ್ ಖರೀದಿ ಇವುಗಳನ್ನು ಪೂರ್ತಿ ಅವರ ಕೈಗೆ ಕೊಟ್ಟು, ಲಾಭದಲ್ಲಿ ಪಾಲು ಅಥವಾ ತಿಂಗಳ ಸಂಬಳ ಅಂತ ಅಪ್ಪ ಒಪ್ಪುವುದಾದರೆ ಅದು ಉದ್ಯೋಗವೇ. ಬಂದ ಹಣ ಎಷ್ಟೆಂದು ಫೋನ್‌ಪೇ ಪೆಟ್ಟಿಗೆ ಕನ್ನಡದಲ್ಲೇ ಕೂಗಿ ಹೇಳುತ್ತದೆ. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಆ್ಯಪ್ ಇದೆ. ಸ್ವಂತ ವ್ಯಾಪಾರ ಬೆಳೆಸುವ ಮನಸ್ಸಿದ್ದರೆ ರಾಜ್ಯದ ಆಧಾರ ಯೋಜನೆಯಲ್ಲಿ ಸಬ್ಸಿಡಿ ಸಾಲ ಇದೆ, ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಊಟ, ವಸತಿ, ತರಬೇತಿ ಉಚಿತ.

ಈ ತಿಂಗಳು ಮೆಡಿಕಲ್ ಬೋರ್ಡಿನ ಕೆಲಸ ಮೊದಲು ಮುಗಿಸಿ, ಉಳಿದದ್ದು ಅದರ ಬೆನ್ನಿಗೆ ಬರುತ್ತದೆ. ಫೈಲಿನಲ್ಲಿ ಆಧಾರ್, ಹಳೆಯ ಸರ್ಟಿಫಿಕೇಟು, ಕಣ್ಣಿನ ಎಲ್ಲ ರಿಪೋರ್ಟು, ಎಸ್ಸೆಸ್ಸೆಲ್ಸಿ ಮತ್ತು ಡಿಗ್ರಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಫೋಟೋ ಇರಲಿ. ಎಲ್ಲದಕ್ಕೂ ನಾಲ್ಕೈದು ಜೆರಾಕ್ಸ್ ಮಾಡಿಸಿಡಿ, ಮೂಲ ಪ್ರತಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

– ಸಂಪಾದಕ