ಮೇಜಿಲ್ಲದ ಟೇಬಲ್ ಟೆನಿಸ್

ಪ್ರಶ್ನೆ: ತಮ್ಮ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಆಟದೊಳಗೇ ಇದ್ದಂತೆ ಕಾಣಿಸುವ ಸಾಧನ) ತಂದಿದ್ದಾನೆ. ಅದರಲ್ಲಿ ಟೇಬಲ್ ಟೆನಿಸ್ ಆಡಿದರೆ ನಿಜವಾದ ಆಟ ಸುಧಾರಿಸುತ್ತದಾ, ಸುಮ್ನೆ ಟೈಮ್‌ಪಾಸಾ?
– ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಸ್ವಲ್ಪ ಸುಧಾರಿಸುತ್ತದೆ. ಟೆನಿಸ್, ಬ್ಯಾಡ್ಮಿಂಟನ್ ಅಂದರೆ ಕೋರ್ಟ್ ತುಂಬ ಓಡಬೇಕು, ಮನೆಯ ಹಾಲ್‌ನಲ್ಲಿ ಎಲ್ಲಿ ಓಡ್ತೀರಿ? ಟೇಬಲ್ ಟೆನಿಸ್‌ಗೆ ಅಷ್ಟು ಜಾಗ ಬೇಡ. ಚೆಂಡಿನ ಸ್ಪಿನ್ (ತಿರುಗುವಿಕೆ) ಗುರುತಿಸುವುದು, ಬ್ಯಾಟ್ ಎಷ್ಟು ಓರೆ ಹಿಡಿಯಬೇಕು ಅನ್ನುವುದು ರೂಢಿಯಾಗುತ್ತದೆ. ಆದರೆ 2.7 ಗ್ರಾಂ ಚೆಂಡು ರಬ್ಬರ್‌ಗೆ ತಾಗಿದಾಗ ಕೈಗೆ ಸಿಗುವ ಆ ಸಣ್ಣ ಪೆಟ್ಟು ಇಲ್ಲಿಲ್ಲ, ಬ್ಯಾಟ್ ಬದಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಬರೀ ಗುಂಯ್ ಅಂತ ನಡುಗುತ್ತದೆ. ಹಾಗಾಗಿ ನಿಜವಾದ ಮೇಜನ್ನು ಬಿಡಬೇಡಿ.

ಕಂಟ್ರೋಲರ್‌ನ ಕೈಪಟ್ಟಿ ಹಾಕಿಕೊಳ್ಳಿ, ಟಿವಿಯಿಂದ ದೂರ ನಿಲ್ಲಿ. ಮುಖ್ಯವಾಗಿ, ಕಾಣುವ ಮೇಜಿನ ಮೇಲೆ ಕೈ ಊರಬೇಡಿ, ಅಲ್ಲಿ ಏನೂ ಇರಲ್ಲ ಅಲ್ವಾ! ನಾನು ಹಾಗೇ ಮುಗ್ಗರಿಸಿ ಮೊಣಕೈ ತರಚಿಕೊಂಡಿದ್ದೇನೆ.