ಅಪ್ಪನಿಗೆ ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ

ಪ್ರಶ್ನೆ: ನಮ್ಮ ಅಪ್ಪ 24 ವರ್ಷ ಆರ್ಟಿಲರಿಯಲ್ಲಿದ್ದು 2005ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಕಡೆ ಬೋಫೋರ್ಸ್ ತೋಪಿನ ಹತ್ತಿರ ಇದ್ದವರು. ಈಗ 63 ವರ್ಷ. ಎರಡು ವರ್ಷದಿಂದ ಒಂದು ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಡುತ್ತಾರೆ. ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಾರೆ. ಕಿವಿ ತೋರಿಸೋಣ ಅಂದರೆ "ನನಗೆಲ್ಲ ಕೇಳಿಸುತ್ತೆ, ನೀವೇ ಬಾಯೊಳಗೆ ಮಾತಾಡ್ತೀರಿ" ಅಂತ ರೇಗುತ್ತಾರೆ. ಇದು ಮರೆವಿನ ಕಾಯಿಲೆಯಾ? ಸೇನೆ ಬಿಟ್ಟು ಇಷ್ಟು ವರ್ಷದ ಮೇಲೆ ತೋಪಿನ ಸದ್ದು ಕಾರಣ ಇರಬಹುದಾ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಅಪ್ಪ ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ "ಕೇಳಿಸುತ್ತದೆ".

ಸದ್ದಿನಿಂದ ಕೆಡುವ ಕಿವಿ ಎಲ್ಲ ಸ್ವರಗಳಿಗೂ ಒಂದೇ ಸಮ ಮಂದವಾಗುವುದಿಲ್ಲ. ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೀಚು ಸದ್ದು. ಅ, ಆ, ಓ ದಪ್ಪ ಸ್ವರಗಳು, ಚೆನ್ನಾಗಿ ಕೇಳಿಸುತ್ತವೆ. ಸ, ಶ, ತ ತೆಳು ವ್ಯಂಜನಗಳು, ಜಾರಿ ಹೋಗುತ್ತವೆ. ಊಟಕ್ಕೆ ಕೂತಾಗ ಮೊಮ್ಮಗಳು "ಸಾಕು" ಅನ್ನುತ್ತಾಳೆ. ತಾತನಿಗೆ "ಹಾಕು" ಅಂತ ಕೇಳಿಸುತ್ತದೆ. ಇನ್ನೊಂದು ಸೌಟು ಸಾರು ಬೀಳುತ್ತದೆ. ಎಲ್ಲರೂ ನಗುತ್ತಾರೆ, ತಾತ ಮುಖ ಗಂಟಿಕ್ಕುತ್ತಾರೆ. ಮದುವೆ ಮನೆಯ ವಾಲಗದ ನಡುವೆ ಊಹೆ ಮಾಡಿ ಮಾಡಿ ಸುಸ್ತಾದವರು ಮೂಲೆ ಹಿಡಿಯದೆ ಇನ್ನೇನು ಮಾಡುತ್ತಾರೆ?

ಅಂದಹಾಗೆ, ಕೂಗಿ ಹೇಳಬೇಡಿ. ಕೂಗಿದರೆ ಸ್ವರ ಜೋರಾಗುತ್ತದೆ, ವ್ಯಂಜನ ಅಲ್ಲೇ ಉಳಿಯುತ್ತದೆ. ಎದುರಿಗೆ ಕೂತು, ಮುಖಕ್ಕೆ ಬೆಳಕು ಬೀಳುವ ಹಾಗೆ, ನಿಧಾನಕ್ಕೆ ಮಾತಾಡಿ.

ಈಗ ತೋಪಿನ ವಿಷಯ. ಗುಂಡಿನ ಸದ್ದಿಗೆ ಸಾಮಾನ್ಯವಾಗಿ ಇಟ್ಟುಕೊಂಡಿರುವ ಸುರಕ್ಷತೆಯ ಗಡಿ 140 ಡೆಸಿಬಲ್. ರೈಫಲ್ಲಿನ ಒಂದೇ ಗುಂಡು ಇದನ್ನು ದಾಟುತ್ತದೆ. ದೊಡ್ಡ ತೋಪಿನ ಪಕ್ಕ 170ರ ಮೇಲೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ, ಹಾಗಾಗಿ ಈ 30ರ ಅಂತರ ಸಾವಿರ ಪಟ್ಟು. 1999ರಲ್ಲಿ ಕಾರ್ಗಿಲ್‌ನಲ್ಲಿ ನಮ್ಮ ಸೇನೆ ಹಾರಿಸಿದ ಶೆಲ್, ಬಾಂಬ್, ರಾಕೆಟ್‌ಗಳು ಎರಡೂವರೆ ಲಕ್ಷಕ್ಕೂ ಜಾಸ್ತಿ. ಅದರಲ್ಲಿ ನಿಮ್ಮ ಅಪ್ಪನ ಕಿವಿ ಎಷ್ಟು ತಿಂದಿದೆಯೋ! ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ 15–16 ಸಾವಿರ ಅಷ್ಟೇ. ಸತ್ತದ್ದು ಮತ್ತೆ ಚಿಗುರುವುದಿಲ್ಲ.

ಸೈನಿಕರ ಕಿವಿಯ ಮೇಲೆ ಸಂಶೋಧನೆ ಬೇಕಾದಷ್ಟು ಆಗಿದೆ. ಅಮೆರಿಕದಲ್ಲಿ ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕಿವಿಯೊಳಗಿನ "ಗುಂಯ್" ಸದ್ದಿಗೆ, ಅಂದರೆ ಟಿನಿಟಸ್‌ಗೆ. ಗುಂಡೇಟಿಗಲ್ಲ, ಕಾಲು ಹೋದದ್ದಕ್ಕಲ್ಲ.

ಆದರೆ ಇಷ್ಟು ವರ್ಷದ ಮೇಲೆ ಯಾಕೆ ಅನ್ನುವ ನಿಮ್ಮ ಪ್ರಶ್ನೆ ಸುಲಭದ್ದಲ್ಲ. ಅಮೆರಿಕದ ವಿಜ್ಞಾನಿಗಳ ಸಮಿತಿಯೊಂದು 2005ರಲ್ಲಿ ಇದನ್ನೇ ಕೈಗೆತ್ತಿಕೊಂಡಿತ್ತು. ಸದ್ದು ನಿಂತು ವರ್ಷಗಳ ಮೇಲೆ ಅದೇ ಸದ್ದಿನಿಂದ ಕಿವಿ ಹೊಸದಾಗಿ ಕೆಡುವುದು ಅನುಮಾನ, ಹಾನಿ ಆಗುವುದೆಲ್ಲ ಆಗಲೇ ಆಗಿರುತ್ತದೆ ಅಂದಿತು. ನಾಲ್ಕು ವರ್ಷ ಕಳೆದು 2009ರಲ್ಲಿ ಬಾಸ್ಟನ್‌ನ ವಿಜ್ಞಾನಿಗಳಾದ ಕುಜಾವಾ ಮತ್ತು ಲೀಬರ್ಮನ್ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಎರಡು ಗಂಟೆ ಜೋರು ಸದ್ದು ಕೇಳಿಸಿದರು. ಕೆಲವು ವಾರಕ್ಕೆ ಇಲಿಗಳ ಕಿವಿ ಪರೀಕ್ಷೆಯಲ್ಲಿ ಸರಿಹೋಯಿತು. ಒಳಗೆ ನೋಡಿದರೆ ಒಂದು ಭಾಗದಲ್ಲಿ ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಅರ್ಧದಷ್ಟು ಮಾಯ! ಆಮೇಲೆ ನರವೂ ನಿಧಾನಕ್ಕೆ ಸವೆಯಿತು. ಮನುಷ್ಯರಲ್ಲೂ ಹೀಗೇನಾ ಅನ್ನುವ ಚರ್ಚೆ ಮುಗಿದಿಲ್ಲ. ನನ್ನ ಅಂದಾಜು ಇಷ್ಟು: ಅಪ್ಪನ ಕಿವಿಯ ಉಳಿತಾಯವನ್ನು ತೋಪು ಆಗಲೇ ಖರ್ಚು ಮಾಡಿಬಿಟ್ಟಿತ್ತು. ವಯಸ್ಸು ಬಂದು ಉಳಿದದ್ದಕ್ಕೆ ಕೈ ಹಾಕಿದಾಗ ತಳ ಕಾಣಿಸಿತು.

ಮರೆವಿನ ಕಾಯಿಲೆ ಅಂತ ತೀರ್ಮಾನಿಸುವ ಮುಂಚೆ ಕಿವಿ ಪರೀಕ್ಷೆ ಆಗಲೇಬೇಕು. ನೆನಪಿನ ಪರೀಕ್ಷೆಯಲ್ಲಿ ಡಾಕ್ಟರು ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಕೇಳುತ್ತಾರೆ. ಕಿವಿಗೇ ಬೀಳದ ಪದವನ್ನು ಯಾರು ನೆನಪಿಡುತ್ತಾರೆ ಹೇಳಿ?

ಹಾಗಂತ ಎರಡಕ್ಕೂ ನಂಟೇ ಇಲ್ಲ ಅಂತಲ್ಲ. ನಡುವಯಸ್ಸಿನಿಂದ ಕಿವಿ ಮಂದವಾದವರಲ್ಲಿ ಮರೆವಿನ ಕಾಯಿಲೆ ಸ್ವಲ್ಪ ಜಾಸ್ತಿ ಕಾಣುತ್ತದೆ. ಹಿಯರಿಂಗ್ ಏಡ್ ಹಾಕಿದರೆ ತಪ್ಪುತ್ತದಾ? 2023ರಲ್ಲಿ ಪ್ರಕಟವಾದ 'ಅಚೀವ್' ಎಂಬ ಅಮೆರಿಕದ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದರು. ಒಟ್ಟಾರೆ ಫಲಿತಾಂಶದಲ್ಲಿ ಏಡ್ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಇರಲಿಲ್ಲ. ಮೊದಲೇ ಬುದ್ಧಿ ಕುಗ್ಗುವ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಆ ಕುಗ್ಗುವ ವೇಗ 48% ಕಡಿಮೆಯಾಯಿತು. ಅವರೇನೂ ಸೈನಿಕರೆಂದು ಆರಿಸಿದವರಲ್ಲ. ಹಾಗಾಗಿ ಡಿಮೆನ್ಶಿಯ, ಅಂದರೆ ಮರೆವಿನ ಕಾಯಿಲೆ, ತಡೆಯುವ ಯಂತ್ರ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಊಟದ ಹೊತ್ತಿಗೆ "ಸಾಕು" ಅಂದದ್ದು ತಿಳಿಯಲಿ ಅಂತ ಹಾಕಿಸಿ, ಅದೇ ಸಾಕಾದಷ್ಟು ಕಾರಣ.

ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಿರಿ, ಹಿಯರಿಂಗ್ ಏಡ್ ಅದರಲ್ಲಿ ಸಿಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ ನಿಮಗೆ ತೀರಾ ದೂರವಲ್ಲ. ಟ್ರಂಕಿನ ತಳದಲ್ಲಿ ನಿವೃತ್ತಿ ಹೊತ್ತಿನ ಮೆಡಿಕಲ್ ಕಾಗದ ಇದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಹಳೆಯ ಆಡಿಯೊಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಒಂದು ಸಿಕ್ಕಿದರೆ ತೋಪಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಅನ್ನುವ ಲೆಕ್ಕ ಸುಲಭ. 2005ರ ಆ ಸಮಿತಿಯವರೂ ಸೇನೆಗೆ ಸೇರಿದಾಗಿನ, ಬಿಟ್ಟಾಗಿನ ಆಡಿಯೊಗ್ರಾಮ್ ಸಿಗದೆ ಒದ್ದಾಡಿದ್ದರು.

ಪ್ರಶ್ನೆ: ಮಗ ಈಗಷ್ಟೇ ಸೇನೆಗೆ ಸೇರಿದ್ದಾನೆ. ಫೈರಿಂಗ್ ದಿನ ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾ?
– ಓದುಗರು, ಗೋಕಾಕ

ಉತ್ತರ: ಸಾಲದು. ಹತ್ತಿಯಿಂದ ಇಳಿಯುವುದು ಸುಮಾರು 7 ಡೆಸಿಬಲ್. ಫೋಮ್ ಪ್ಲಗ್ ಇದಕ್ಕಿಂತ ಎಷ್ಟೋ ಮೇಲು, ಆದರೆ ಕಿವಿಯ ಬಾಯಲ್ಲಿ ಸುಮ್ನೆ ಸಿಕ್ಕಿಸಿದರೆ ಆಗುವುದಿಲ್ಲ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲೆ ಹಿಂದಕ್ಕೆ ಎಳೆದು, ಒಳಗೆ ತಳ್ಳಿ ಅದು ಉಬ್ಬುವ ತನಕ ಹಿಡಿದುಕೊಳ್ಳಬೇಕು. ಅದರ ಮೇಲೆ ಇಯರ್‌ಮಫ್ ಹಾಕಿದರೆ ಇನ್ನೂ ಒಳ್ಳೆಯದು. ಬಲಗೈಯಿಂದ ರೈಫಲ್ ಹೊಡೆಯುವವರಿಗೆ ಎಡಗಿವಿ ಮೊದಲು ಕೆಡುತ್ತದೆ, ಬಲಗಿವಿಗೆ ತಲೆಯ ಮರೆ ಇರುತ್ತದೆ. ಮಗ ಫೋನ್ ಮಾಡಿದಾಗ ಒಂದು ಮಾತು ಕೇಳಿ, ಫೈರಿಂಗ್ ಆದ ರಾತ್ರಿ ಎಡಗಿವಿಯಲ್ಲಿ ಗುಂಯ್ ಅನ್ನುತ್ತದಾ ಅಂತ.